ಮಂಜು ಗಾಜಿನ ಯಾವ ಬದಿಗಿದೆ? ಮಳೆಗಾಲದಲ್ಲಿ ಕಾರಿನ ಗಾಜು ತಿಳಿಯಾಗಿಡುವ ಬಗೆ

(ತೀರ್ಥಹಳ್ಳಿಯಲ್ಲಿ ಮಳೆಗಾಲದ ಆರಂಭದಲ್ಲಿ, ಬಾಡಿಗೆ ಕಾರುಗಳ ಚಾಲಕರು ಮತ್ತು ಹೊಸದಾಗಿ ಲೈಸೆನ್ಸ್ ಪಡೆದವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಮಳೆಗಾಲದ ಚಾಲನೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದಾಗ ಟೈರು, ಬ್ರೇಕು, ರಸ್ತೆಯಲ್ಲಿ ನಿಂತ ನೀರು ಇವೆಲ್ಲವನ್ನೂ ಬದಿಗಿಟ್ಟು ಒಂದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ಕಾರಿನ ಗಾಜಿಗೆ ಮಂಜು ಕಟ್ಟುವ ವಿಷಯ. ಇದು ಸಣ್ಣ ಸಂಗತಿಯೆಂದು ಯಾರಿಗಾದರೂ ಅನ್ನಿಸಿದರೆ, ಆಗುಂಬೆ ಘಾಟಿಯ ತಿರುವೊಂದರಲ್ಲಿ ಎದುರಿನಿಂದ ಬಸ್ಸು ಇಳಿಯುತ್ತಿರುವಾಗ, ಚಾಲಕನು ಎಡಗೈಯಲ್ಲಿ ಬೈರಾಸು ಹಿಡಿದು ಗಾಜು ಒರೆಸುತ್ತ ಬಲಗೈಯೊಂದರಿಂದಲೇ ಸ್ಟಿಯರಿಂಗ್ ತಿರುಗಿಸುವ ದೃಶ್ಯವನ್ನು ನೆನಪಿಸಿಕೊಂಡರೆ ಸಾಕು. ಈ ಸಭೆಯಲ್ಲಿರುವ ಬಹುಪಾಲು ಮಂದಿ ಅದನ್ನು ಪಕ್ಕದ ಸೀಟಿನಲ್ಲಿ ಕುಳಿತು ನೋಡಿದವರೇ ಆಗಿರುತ್ತೀರಿ.

ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೆ. ಮಂಜು ಕಟ್ಟಿದ ಕೂಡಲೇ ಕೈಗೆ ಸಿಕ್ಕ ಗುಂಡಿಯನ್ನು ಒತ್ತುವ ಮೊದಲು, ಆ ತೇವ ಗಾಜಿನ ಒಳಬದಿಗಿದೆಯೋ ಹೊರಬದಿಗಿದೆಯೋ ಎಂಬುದನ್ನು ತಿಳಿದುಕೊಳ್ಳಬೇಕು. ಏಕೆಂದರೆ ಒಳಗಿನ ಮಂಜಿಗೆ ಮಾಡುವ ಉಪಚಾರವನ್ನು ಹೊರಗಿನ ಮಂಜಿಗೆ ಮಾಡಿದರೆ ಅದು ಹೆಚ್ಚುತ್ತದೆ. ಉಡುಪಿಯಿಂದ ಹೊರಟು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತಿ ಇಲ್ಲಿಗೆ ಬರುವ ಒಂದೇ ಪ್ರಯಾಣದಲ್ಲಿ ಈ ಎರಡೂ ಬಗೆಯ ಮಂಜು ಎದುರಾಗುವ ಸಾಧ್ಯತೆ ಇದೆ. ಕೆಳಗೆ ಫಲ ಕೊಟ್ಟ ಉಪಾಯ ಮೇಲೆ ಬಂದಾಗ ಕೈಕೊಡುವುದೂ, ಮೇಲಿನ ಉಪಾಯ ಕೆಳಗೆ ಕೈಕೊಡುವುದೂ ಇದರಿಂದಲೇ.

ಮೊದಲು ಕಾರಣವನ್ನು ನೋಡೋಣ. ಗಾಳಿಯಲ್ಲಿ ಯಾವಾಗಲೂ ಕಣ್ಣಿಗೆ ಕಾಣದ ನೀರಾವಿ ಇರುತ್ತದೆ. ಎಷ್ಟು ನೀರಾವಿ ಇರಬಲ್ಲದು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಹುದು. 25 ಡಿಗ್ರಿಯಲ್ಲಿ ಅದು 23 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ. ಆವಿ ತುಂಬಿದ ಗಾಳಿಯು ತನಗಿಂತ ತಣ್ಣಗಿನ ಮೇಲ್ಮೈಯನ್ನು ತಾಗಿದಾಗ, ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಉಳಿಯಲಾರದ ಹೆಚ್ಚುವರಿ ನೀರು ಅಲ್ಲಿಯೇ ಹನಿಯಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿ ಮೇಜಿನ ಮೇಲೆ ಬೆವರುವುದು ಇದೇ ಕಾರಣದಿಂದ. ಹೀಗೆ ಹನಿಗಟ್ಟಲು ತೊಡಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಗಾಜಿನ ಉಷ್ಣತೆ ತನಗೆ ತಾಗಿದ ಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಮಂಜು ಕಟ್ಟುತ್ತದೆ, ಮೇಲಿದ್ದರೆ ಕಟ್ಟುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವ ದಾರಿಗಳೂ ಎರಡೇ: ಗಾಳಿಯನ್ನು ಒಣಗಿಸುವುದು ಅಥವಾ ಗಾಜನ್ನು ಬೆಚ್ಚಗಾಗಿಸುವುದು. ಡ್ಯಾಶ್‌ಬೋರ್ಡಿನ ಮೇಲಿರುವ ಗುಂಡಿಗಳೆಲ್ಲ ಈ ಎರಡರಲ್ಲಿ ಒಂದನ್ನೋ ಎರಡನ್ನೂ ಸೇರಿಸಿಯೋ ಮಾಡುತ್ತವೆ.

ಕಾರಿನೊಳಗಿನ ನೀರಾವಿ ಎಲ್ಲಿಂದ ಬರುತ್ತದೆ? ಮೊದಲನೆಯ ಮೂಲ ನಾವೇ. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಆವಿಯಾಗಿ ಹೊರಬೀಳುತ್ತದೆ ಎಂದು ಇಟ್ಟುಕೊಳ್ಳಿ. ಐವರು ಕುಳಿತರೆ ಗಂಟೆಗೆ ಕಾಲು ಲೀಟರ್. ನಿಮಿಷಕ್ಕೆ 4 ಗ್ರಾಂ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಹೊರಗೆ ಮಳೆ ಸುರಿಯುತ್ತಿದೆ, ಉಷ್ಣತೆ 20 ಡಿಗ್ರಿ, ಗಾಳಿ ಪೂರ್ತಿ ತೇವದಿಂದ ತುಂಬಿದೆ. ಬಾಗಿಲು ಮುಚ್ಚಿದಾಗ ಒಳಗೆ ಸೇರಿಕೊಂಡದ್ದೂ ಅದೇ ಗಾಳಿ. ಅದರಲ್ಲಿ ಘನ ಮೀಟರಿಗೆ 17 ಗ್ರಾಂ ಆವಿ ಆಗಲೇ ಇದೆ. ಮಳೆನೀರು ತೊಳೆಯುತ್ತಿರುವ ಮುಂಗಾಜು ಹೆಚ್ಚೆಂದರೆ 21 ಡಿಗ್ರಿ ಇದ್ದೀತು. ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು 18 ಗ್ರಾಂ ಮಾತ್ರ. ಅಂದರೆ ಉಳಿದಿರುವ ಜಾಗ ಘನ ಮೀಟರಿಗೆ ಒಂದೇ ಗ್ರಾಂ. ಸಣ್ಣ ಕಾರೊಂದರ ಒಳಗಿನ ಜಾಗ 3 ಘನ ಮೀಟರ್ ಎಂದು ಹಿಡಿದರೆ ಒಟ್ಟು 3 ಗ್ರಾಂ. ಐವರು ಉಸಿರಾಡುವ ಕಾರಿನಲ್ಲಿ ಅಷ್ಟು ತುಂಬಲು ಒಂದು ನಿಮಿಷವೂ ಬೇಡ. ಇದು ಗಾಳಿ ಎಲ್ಲಿಯೂ ಸೋರದ ಕಾರಿನ ಲೆಕ್ಕವಾದ್ದರಿಂದ ನಿಜದಲ್ಲಿ ಸ್ವಲ್ಪ ನಿಧಾನವಾಗಬಹುದು. ಆದರೂ ಮದುವೆ ಮನೆಯಿಂದ ಜನ ಓಡಿಬಂದು ಹತ್ತಿ, ಬಾಗಿಲು ಹಾಕಿಕೊಂಡು, ಗಾಡಿ ಇನ್ನೂ ಗೇಟು ದಾಟುವುದರೊಳಗೆ ಗಾಜು ಬೆಳ್ಳಗಾಗುವುದು ಏಕೆಂದು ಇದರಿಂದ ಗೊತ್ತಾಗುತ್ತದೆ.

ಎರಡನೆಯ ಮೂಲ ನಾವು ಹೊತ್ತು ತರುವ ನೀರು. ನೆನೆದ ಕೊಡೆ, ರೇನ್‌ಕೋಟು, ಒದ್ದೆ ಚಪ್ಪಲಿ, ತೋಟದಿಂದ ಬಂದ ಗೋಣಿಚೀಲ, ಇವೆಲ್ಲ ಗಂಟೆಗಟ್ಟಲೆ ಆವಿಯನ್ನು ಬಿಡುತ್ತಲೇ ಇರುತ್ತವೆ. ಚಾಲಕನ ಕಾಲಡಿಯ ಮ್ಯಾಟಿನ ಕೆಳಗಿರುವ ಕಾರ್ಪೆಟ್ಟು ಇನ್ನೂ ಕೆಟ್ಟದ್ದು. ಅದು ಜೂನ್ ತಿಂಗಳಲ್ಲಿ ಒಮ್ಮೆ ನೆನೆದರೆ ಬಿಸಿಲು ಕಾಣುವ ಸೆಪ್ಟೆಂಬರಿನವರೆಗೂ ಒಣಗದೆ ಉಳಿಯಬಲ್ಲದು. ಮಲೆನಾಡಿನಲ್ಲಿ ಮ್ಯಾಟಿನ ಮೇಲೆ ಹಳೆಯ ಪತ್ರಿಕೆ ಹಾಸುವ ರೂಢಿ ಒಳ್ಳೆಯದೇ, ಆದರೆ ನೆನೆದ ಪತ್ರಿಕೆಯನ್ನು ದಿನವೂ ತೆಗೆದೆಸೆದರೆ ಮಾತ್ರ. ಅದನ್ನು ಅಲ್ಲಿಯೇ ಬಿಟ್ಟರೆ ನೀರನ್ನು ಕಾರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಂತೆಯೇ.

ಈಗ ಮಂಜು ಯಾವ ಬದಿಗಿದೆ ಎಂದು ನೋಡುವ ಬಗೆ. ಬೆರಳಿನ ತುದಿಯಿಂದ ಗಾಜಿನ ಒಳಗಡೆ, ಕಣ್ಣಿಗೆ ಅಡ್ಡ ಬಾರದ ಮೂಲೆಯಲ್ಲಿ, ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮೂಡಿದರೆ ಮಂಜು ಒಳಗಿದೆ. ಮೂಡದಿದ್ದರೆ ವೈಪರನ್ನು ಒಮ್ಮೆ ಬೀಸಿ ನೋಡಿ. ಬೀಸಿದಷ್ಟೂ ಜಾಗ ಬಿಲ್ಲಿನ ಆಕಾರದಲ್ಲಿ ತಿಳಿಯಾದರೆ ಮಂಜು ಹೊರಗಿದೆ. ಎರಡೂ ಆಗಲಿಲ್ಲವೆಂದರೆ ನೀವು ನೋಡುತ್ತಿರುವುದು ಗಾಜಿನ ಮಂಜನ್ನಲ್ಲ, ರಸ್ತೆಯ ಮೇಲೆ ಇಳಿದಿರುವ ನಿಜವಾದ ಮಂಜನ್ನು. ಚಾರ್ಮಾಡಿಯಲ್ಲಿ ಇದು ಸಾಮಾನ್ಯ. ಆಗ ವೇಗ ತಗ್ಗಿಸಿ, ಹೆಡ್‌ಲೈಟನ್ನು ಲೋ ಬೀಮಿನಲ್ಲಿ ಇಟ್ಟುಕೊಳ್ಳುವುದಷ್ಟೇ ಉಪಾಯ.

ಕರಾವಳಿಯಿಂದ ಆರಂಭಿಸೋಣ. ಜುಲೈ ತಿಂಗಳ ರಾತ್ರಿ ಉಡುಪಿಯಲ್ಲಿ ಹೊರಗಿನ ಉಷ್ಣತೆ 25 ಡಿಗ್ರಿಯ ಆಸುಪಾಸು ಇದ್ದು, ಗಾಳಿ ತೇವದಿಂದ ಹೆಚ್ಚುಕಡಿಮೆ ತುಂಬಿರುವಾಗ ಅದರ ಇಬ್ಬನಿ ಬಿಂದು 24 ಡಿಗ್ರಿಯಷ್ಟಿರುತ್ತದೆ. ಕಾರಿನೊಳಗೆ ಸೆಖೆ ತಡೆಯಲಾರದೆ ಎಸಿಯನ್ನು 18ಕ್ಕೆ ಇಳಿಸಿ, ಗಾಳಿಯನ್ನು ಮುಂಗಾಜಿನ ಕಡೆಗೆ ತಿರುಗಿಸಿದ್ದೀರಿ ಎಂದುಕೊಳ್ಳಿ. ಗಾಜು 24 ಡಿಗ್ರಿಗಿಂತ ಕೆಳಗಿಳಿದದ್ದೇ ತಡ, ಹೊರಗಿನ ಗಾಳಿಯ ನೀರು ಗಾಜಿನ ಹೊರಬದಿಯಲ್ಲಿ ಕೂರುತ್ತದೆ. ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ತಣ್ಣನೆಯ ಗಾಳಿ ಹೊಮ್ಮುವ ಸೀಳಿನ ಎದುರಿಗೆ, ಗಾಜಿನ ಕೆಳಭಾಗದಲ್ಲಿ ಮೊದಲು ಮಂಜು ಕಾಣಿಸಿಕೊಂಡು ಮೇಲಕ್ಕೆ ಹರಡುವುದು ಇದರ ಗುರುತು. ಚಾಲಕನು ಇದನ್ನು ಒಳಗಿನ ಮಂಜೆಂದು ತಿಳಿದು ಎಸಿಯನ್ನು ಇನ್ನಷ್ಟು ತಣ್ಣಗೆ ಮಾಡಿ ಬ್ಲೋವರನ್ನು ನಾಲ್ಕಕ್ಕೆ ಏರಿಸುತ್ತಾನೆ. ಗಾಜು ಮತ್ತಷ್ಟು ತಣ್ಣಗಾಗಿ ಮಂಜು ದಟ್ಟವಾಗುತ್ತದೆ. ಮಾಡಬೇಕಾದದ್ದು ತೀರ ಸರಳ. ವೈಪರನ್ನು ಒಂದೆರಡು ಸಲ ಬೀಸಿ ಒರೆಸಿಕೊಳ್ಳಿ, ತಣ್ಣನೆಯ ಗಾಳಿಯನ್ನು ಗಾಜಿನಿಂದ ಬಿಡಿಸಿ ಮುಖದ ಕಡೆಗೋ ಕಾಲಿನ ಕಡೆಗೋ ತಿರುಗಿಸಿ, ಎಸಿಯ ಉಷ್ಣತೆಯನ್ನು 25ರ ಹತ್ತಿರಕ್ಕೆ ಏರಿಸಿ. ಗಾಜು ಹೊರಗಾಳಿಯ ಇಬ್ಬನಿ ಬಿಂದುವಿಗಿಂತ ಮೇಲೆ ಬಂದರೆ ಅಲ್ಲಿಗೆ ಮುಗಿಯಿತು. ಒಳಗಿನಿಂದ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಈ ಮಂಜು ಹೋಗುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಯೇ ಇನ್ನೊಂದು ಮಾತು. ಮಂಜು ಕಟ್ಟಿದರೆ ಕಿಟಕಿ ಇಳಿಸಿ, ಹೊರಗಿನ ಗಾಳಿ ಬಿಟ್ಟುಕೊಳ್ಳಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಈ ಸಲಹೆ ಹುಟ್ಟಿದ್ದು ಚಳಿದೇಶಗಳಲ್ಲಿ. 5 ಡಿಗ್ರಿಯ ಹೊರಗಾಳಿ ಎಷ್ಟೇ ತೇವವಾಗಿದ್ದರೂ ಅದರಲ್ಲಿ ಘನ ಮೀಟರಿಗೆ 7 ಗ್ರಾಂ ಆವಿಯೂ ಇರುವುದಿಲ್ಲ. ಅದನ್ನು ಒಳಗೆ ತಂದು ಕಾಯಿಸಿದರೆ ಅದು ಒಣಗಾಳಿಯೇ ಆಗುತ್ತದೆ. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಇರುವ ನಮ್ಮವರಿಗೆ ನವೆಂಬರಿನ ಮಳೆಯಲ್ಲಿ ಹೀಟರೊಂದೇ ಸಾಕಾಗುವುದು ಈ ಕಾರಣಕ್ಕೆ. ಮಂಗಳೂರಿನ ಜುಲೈ ಗಾಳಿಯಲ್ಲಿ ಅದರ ಮೂರು ಪಟ್ಟಿಗೂ ಮಿಗಿಲಾದ ನೀರಿದೆ. ಅದನ್ನು ಎಸಿಯಿಲ್ಲದೆ ಒಳಗೆ ಬಿಟ್ಟುಕೊಂಡರೆ ತೇವಕ್ಕೆ ತೇವ ಸೇರಿದಂತಾಗುತ್ತದೆ. ಆದ್ದರಿಂದ ಕರಾವಳಿಯಲ್ಲಿ ಗಾಳಿಯನ್ನು ಒಣಗಿಸುವ ಕೆಲಸ ಎಸಿಯದ್ದು. ಅದು ಬಿರುಸಾಗಿ ಓಡುತ್ತಿರುವಾಗ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ಗುಂಡಿ ಒತ್ತಿಕೊಂಡಿದ್ದರೂ ಒಳಗೆ ಮಂಜು ಬಾರದೇ ಇರಬಹುದು, ಏಕೆಂದರೆ ಅದೇ ಗಾಳಿ ಮತ್ತೆ ಮತ್ತೆ ಒಣಗುತ್ತಿರುತ್ತದೆ.

ಈಗ ಘಾಟಿ ಹತ್ತೋಣ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಸಾವಿರ ಮೀಟರಿಗೆ 6 ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೂ ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವುಗಳನ್ನು ಹತ್ತಿ ಮೇಲೆ ಬರುವಷ್ಟರಲ್ಲಿ ಹೊರಗಿನ ಗಾಳಿ ಮೂರು ನಾಲ್ಕು ಡಿಗ್ರಿ ತಣ್ಣಗಾಗಿರುತ್ತದೆ. ಸುರಿಯುವ ಮಳೆ ಗಾಜನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಇದೇ ಹೊತ್ತಿಗೆ ಒಳಗಿದ್ದವರಿಗೆ ಚಳಿಯೆನ್ನಿಸಿ, ಎಸಿ ಸಾಕು ಆರಿಸಿ ಎಂದು ಹಿಂದಿನ ಸೀಟಿನಿಂದ ಯಾರಾದರೂ ಹೇಳುತ್ತಾರೆ. ಎಸಿ ಆರಿಸಿದ ಅರೆನಿಮಿಷದಲ್ಲಿ, ಸರಿಯಾಗಿ ತಿರುವಿನ ನಡುವೆ, ಇಡೀ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ.

ಈ ಕೊನೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇದು ಉಸಿರಿನ ಮಂಜಿಗಿಂತ ಬೇಗನೆ ಬರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಎಸಿಯ ಇವ್ಯಾಪರೇಟರ್ ಎಂಬ ತಣ್ಣನೆಯ ಜಾಲರಿ ಇದೆ. ಗಾಳಿ ಅದರ ಮೂಲಕ ಹಾಯುವಾಗ ಅದರಲ್ಲಿರುವ ನೀರು ಜಾಲರಿಯ ಮೇಲೆ ಹನಿಗಟ್ಟಿ, ಕೊಳವೆಯೊಂದರ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಅಡಿಯಲ್ಲಿ ನೀವು ಕಾಣುವ ನೀರು ಅದೇ. ಎಸಿ ಆರಿಸಿದಾಗ ಈ ಜಾಲರಿಯನ್ನು ತಣ್ಣಗಿಡುವ ಕಂಪ್ರೆಸರ್ ನಿಲ್ಲುತ್ತದೆ, ಜಾಲರಿ ಬೆಚ್ಚಗಾಗತೊಡಗುತ್ತದೆ, ಆದರೆ ಅದರ ತುಂಬ ನೀರು ಇನ್ನೂ ಅಂಟಿಕೊಂಡಿರುತ್ತದೆ. ಬ್ಲೋವರ್ ಮಾತ್ರ ಓಡುತ್ತಲೇ ಇದ್ದರೆ ಆ ನೀರೆಲ್ಲ ಮತ್ತೆ ಆವಿಯಾಗಿ ನೇರವಾಗಿ ಗಾಜಿಗೇ ಬಂದು ಬಡಿಯುತ್ತದೆ. ಘಾಟಿಯಲ್ಲಿ ಪೆಟ್ರೋಲ್ ಉಳಿಸಲೆಂದೋ, ಎಂಜಿನ್ನಿಗೆ ಎಳೆತ ಸಾಲದೆಂದೋ ಎಸಿಯನ್ನು ಹಾಕಿ ಆರಿಸಿ ಮಾಡುವವರು ಈ ಮಂಜನ್ನು ತಾವೇ ಕರೆದು ತರುತ್ತಾರೆ. ಕೆಲವು ಕಾರುಗಳ ಇಕೋ ಮೋಡ್ ಕೂಡ ಕಂಪ್ರೆಸರನ್ನು ಆಗಾಗ ನಿಲ್ಲಿಸುವುದರಿಂದ, ಮಳೆಯಲ್ಲಿ ಘಾಟಿ ಏರುವಾಗ ಅದನ್ನು ತೆಗೆದಿಡುವುದೇ ಮೇಲು.

ಹಾಗಾದರೆ ಚಳಿಯಾಗುತ್ತದೆ ಎನ್ನುವವರಿಗೆ ಏನು ಹೇಳಬೇಕು? ಎಸಿ ಓಡುತ್ತಲೇ ಇರಲಿ, ಉಷ್ಣತೆಯ ತಿರುಗಣೆಯನ್ನು ಕೆಂಪು ಬಣ್ಣದ ಕಡೆಗೆ ತಿರುಗಿಸಿ. ಎಸಿ ಮತ್ತು ಹೀಟರನ್ನು ಒಟ್ಟಿಗೆ ಹಾಕುವುದೆಂದರೆ ಅನೇಕರಿಗೆ ಅಸಂಬದ್ಧವೆನ್ನಿಸುತ್ತದೆ. ಒಂದು ಕೈಯಲ್ಲಿ ಬೆಂಕಿ ಹಚ್ಚಿ ಇನ್ನೊಂದರಲ್ಲಿ ನೀರು ಸುರಿದಂತೆ ಎಂದು ನನ್ನೊಡನೆ ವಾದಿಸಿದವರಿದ್ದಾರೆ. ವಾಸ್ತವದಲ್ಲಿ ಇವೆರಡೂ ಒಂದರ ನಂತರ ಒಂದಾಗಿ ಕೆಲಸ ಮಾಡುತ್ತವೆ. ಗಾಳಿ ಮೊದಲು ತಣ್ಣನೆಯ ಜಾಲರಿಯನ್ನು ದಾಟುತ್ತದೆ. ಅಲ್ಲಿ ಅದು 10 ಡಿಗ್ರಿಗೆ ಇಳಿದರೆ ಅದರಲ್ಲಿ ಉಳಿಯುವ ನೀರಾವಿ ಘನ ಮೀಟರಿಗೆ 9 ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕದ್ದು ಕೊಳವೆಯಲ್ಲಿ ಹೊರಗೆ ಹರಿದಾಗಿದೆ. ಆಮೇಲೆ ಆ ಗಾಳಿ ಹೀಟರಿನ ಮೇಲೆ ಹಾದು 30 ಡಿಗ್ರಿಗೆ ಏರುತ್ತದೆ. 30 ಗ್ರಾಂ ಹಿಡಿಯಬಲ್ಲ ಗಾಳಿಯಲ್ಲಿ ಈಗ 9 ಗ್ರಾಂ ಇದೆ. ಇಂಥ ಒಣಗಿದ ಬೆಚ್ಚನೆಯ ಗಾಳಿ ಗಾಜಿಗೆ ತಾಗಿದಾಗ ಅದು ಗಾಜಿನ ಮೇಲಿನ ನೀರನ್ನು ಹೀರಿಕೊಳ್ಳುತ್ತದೆ, ಗಾಜನ್ನೂ ಬೆಚ್ಚಗೆ ಮಾಡುತ್ತದೆ. ನಾನು ಮೊದಲು ಹೇಳಿದ ಎರಡೂ ದಾರಿಗಳನ್ನು ಒಟ್ಟಿಗೆ ಹಿಡಿದಂತಾಯಿತು. ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಹೀಟರಿನ ಶಾಖವು ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಎಂಬ ದ್ರವದಿಂದ ಬರುವುದರಿಂದ ಅದಕ್ಕೆ ಬೇರೆ ಇಂಧನ ಬೇಕಾಗಿಲ್ಲ. ಆದರೆ ಎಂಜಿನ್ ಬಿಸಿಯಾಗುವವರೆಗೆ ಕೆಲವು ನಿಮಿಷ ಕಾಯಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ಈ ಶಾಖ ಬ್ಯಾಟರಿಯ ಲೆಕ್ಕಕ್ಕೆ ಬೀಳುತ್ತದೆ. ಹಾಗೆಂದು ಬ್ಯಾಟರಿ ಉಳಿಸಲು ಗಾಜು ಮಸುಕಾಗಿಯೇ ಇರಲಿ ಎನ್ನುವುದು ಜಾಣತನವಲ್ಲ.

ಘಾಟಿಯ ಮೇಲೆ ರೀಸರ್ಕ್ಯುಲೇಷನ್ ಗುಂಡಿಯ ವಿಷಯವೂ ತಿರುಗಿ ಬೀಳುತ್ತದೆ. ಕಾರಿನ ಚಿತ್ರದೊಳಗೆ ಬಾಣವೊಂದು ಸುತ್ತಿರುವ ಆ ಗುಂಡಿಯನ್ನು ಇಲ್ಲಿ ತೆಗೆಯಲೇಬೇಕು. ತಂಪು ಹವೆಯಲ್ಲಿ ಕಂಪ್ರೆಸರ್ ಕಡಿಮೆ ಓಡುತ್ತದೆ, ಒಳಗಿನವರ ಉಸಿರು ಮಾತ್ರ ಅಷ್ಟೇ ಇರುತ್ತದೆ. ಬ್ಲೋವರ್ ಹೊರಗಿನಿಂದ ಗಂಟೆಗೆ 300 ಘನ ಮೀಟರ್ ಗಾಳಿ ತರುತ್ತದೆ ಎಂದು ಇಟ್ಟುಕೊಂಡರೆ, ಐವರು ಗಂಟೆಗೆ ಬಿಡುವ 250 ಗ್ರಾಂ ನೀರು ಅಷ್ಟೂ ಗಾಳಿಯಲ್ಲಿ ಹಂಚಿಹೋಗಿ, ಒಳಗಿನ ಗಾಳಿಯ ತೇವ ಹೊರಗಿನದಕ್ಕಿಂತ ಹೆಚ್ಚಿದ್ದರೂ ಆ ಹೆಚ್ಚಳ ಘನ ಮೀಟರಿಗೆ ಒಂದು ಗ್ರಾಂ ಕೂಡ ಆಗುವುದಿಲ್ಲ. 20 ಡಿಗ್ರಿಯ ಆಸುಪಾಸಿನಲ್ಲಿ ಗಾಜನ್ನು ಒಂದೇ ಡಿಗ್ರಿ ಬೆಚ್ಚಗಿಟ್ಟರೂ ಅಷ್ಟು ತೇವ ಮಂಜಾಗುವುದಿಲ್ಲ. ಎಸಿಯೇ ಇಲ್ಲದ ಹಳೆಯ ಕಾರಿನವರಿಗೂ, ಎಸಿ ಕೆಟ್ಟು ಕುಳಿತಿರುವವರಿಗೂ ಇದೇ ದಾರಿ: ಹೊರಗಾಳಿ, ಹೀಟರು, ಬ್ಲೋವರ್ ಜೋರು. ಜೊತೆಗೆ ಎದುರುಬದುರಿನ ಎರಡು ಕಿಟಕಿಗಳನ್ನು ಒಂದು ಬೆರಳಿನಷ್ಟು ಇಳಿಸುವುದು. ಕಿಟಕಿಯ ಮೇಲಂಚಿಗೆ ಹಾಕಿಸುವ ರೇನ್ ವೈಸರ್ ಎಂಬ ಪ್ಲಾಸ್ಟಿಕ್ ಪಟ್ಟಿಯು ಬೇರೆ ಊರುಗಳಲ್ಲಿ ಅಲಂಕಾರವಿರಬಹುದು, ಮಲೆನಾಡಿನಲ್ಲಿ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ಮಳೆ ಒಳಗೆ ಎರಚದೆ ಗಾಳಿ ಆಡುತ್ತದೆ.

ಗುಂಡಿಗಳ ಗುರುತನ್ನು ಹೊಸಬರಿಗಾಗಿ ಹೇಳಿಬಿಡುತ್ತೇನೆ. ಬೀಸಣಿಗೆಯ ಆಕಾರದ ಗಾಜಿನ ಮೇಲೆ ಮೂರು ಅಂಕುಡೊಂಕು ಬಾಣಗಳಿರುವುದು ಮುಂಗಾಜಿನದು. ಚೌಕದ ಮೇಲೆ ಅದೇ ಬಾಣಗಳಿರುವುದು ಹಿಂದಿನ ಗಾಜಿನದು. ಮುಂಗಾಜಿನ ಗುಂಡಿ ಒತ್ತಿದರೆ ಅನೇಕ ಹೊಸ ಕಾರುಗಳಲ್ಲಿ ಎಸಿ ತಾನೇ ಆರಂಭವಾಗಿ, ಹೊರಗಾಳಿಯ ಬಾಗಿಲೂ ತಾನೇ ತೆರೆದುಕೊಳ್ಳುತ್ತದೆ. ಕೈಯಿಂದ ತಿರುಗಿಸುವ ಸಾದಾ ಮಾದರಿಗಳಲ್ಲಿ ಗಾಳಿಯ ದಿಕ್ಕು ಮಾತ್ರ ಬದಲಾಗುತ್ತದೆ. ಎಸಿ, ಹೊರಗಾಳಿ ಎರಡನ್ನೂ ನೀವೇ ಹಾಕಬೇಕು. ನಿಮ್ಮ ಕಾರು ಯಾವ ಬಗೆಯದ್ದೆಂದು ಮನೆಯ ಅಂಗಳದಲ್ಲಿ ನೋಡಿಟ್ಟುಕೊಳ್ಳಿ, ಐದನೆಯ ತಿರುವಿನಲ್ಲಿ ಹುಡುಕುವುದು ಬೇಡ. ಡ್ಯಾಶ್‌ಬೋರ್ಡಿನ ಎರಡೂ ತುದಿಯ ಕಿಂಡಿಗಳನ್ನು ಮುಖಕ್ಕೆ ಹಿಡಿಯುವ ಬದಲು ಪಕ್ಕದ ಗಾಜಿನಲ್ಲಿ ಕನ್ನಡಿ ಕಾಣುವ ಜಾಗಕ್ಕೆ ತಿರುಗಿಸಿಡಿ. ಮುಂಗಾಜು ತಿಳಿಯಾಗಿದ್ದೂ ಪಕ್ಕದ ಕನ್ನಡಿ ಕಾಣದೆ ಓವರ್‌ಟೇಕ್ ಮಾಡುವವರು ಬಹಳ ಮಂದಿ. ಹಿಂದಿನ ಗಾಜಿನ ಮೇಲಿರುವ ತೆಳುವಾದ ಅಡ್ಡಗೆರೆಗಳು ಕಾಯುವ ತಂತಿಗಳು. ಅವುಗಳನ್ನು ಒರೆಸುವಾಗ ಗೆರೆಯ ಉದ್ದಕ್ಕೇ ಮೆತ್ತಗೆ ಒರೆಸಬೇಕು; ಸ್ಟಿಕ್ಕರ್ ಅಂಟಿಸಿ ಆಮೇಲೆ ಬ್ಲೇಡಿನಿಂದ ಕೆರೆದರೆ ತಂತಿ ಕಡಿದು ಆ ಗೆರೆಯ ಸುತ್ತ ಮಂಜು ಹಾಗೆಯೇ ಉಳಿಯುತ್ತದೆ. ಅಗ್ಗದ ಮಾದರಿಗಳಲ್ಲಿ ಈ ತಂತಿಗಳೇ ಇರುವುದಿಲ್ಲ. ಮಳೆನಾಡಿನಲ್ಲಿ ಕಾರು ಕೊಳ್ಳುವವರು ಪರದೆ, ಸ್ಪೀಕರುಗಳಿಗಿಂತ ಮೊದಲು ಇದು ಇದೆಯೇ ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಗಾಜಿನ ಕೊಳೆಯ ವಿಷಯ. ಒಂದೇ ಕಾರಿನ ಗಾಜು ಹೊಸದಿದ್ದಾಗ ಅಷ್ಟು ಮಸುಕಾಗುತ್ತಿರಲಿಲ್ಲ, ಈಗ ಆಗುತ್ತದೆ ಎನ್ನುವವರಿದ್ದಾರೆ. ಅವರು ಹೇಳುವುದು ಸರಿ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಏಳುವ ಆವಿ, ಸಿಗರೇಟಿನ ಹೊಗೆ, ಕೈಯ ಜಿಡ್ಡು, ಊದಿನಕಡ್ಡಿಯ ಹೊಗೆ ಎಲ್ಲ ಸೇರಿ ಗಾಜಿನ ಒಳಬದಿಯಲ್ಲಿ ತೆಳುವಾದ ಪೊರೆಯಾಗುತ್ತವೆ. ನೀರು ಚೊಕ್ಕ ಗಾಜಿನ ಮೇಲೆ ಪದರವಾಗಿ ಹರಡುತ್ತದೆ, ಪದರದ ಮೂಲಕ ನೋಟ ಹೆಚ್ಚು ಕೆಡುವುದಿಲ್ಲ. ಜಿಡ್ಡಿನ ಗಾಜಿನ ಮೇಲೆ ಅದು ಲಕ್ಷಾಂತರ ಬಿಡಿ ಹನಿಗಳಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1911ರಲ್ಲಿ ಇದೇ ವಿಷಯವಾಗಿ ಬರೆದಿದ್ದರು. ಗಾಜಿನ ಮೇಲೆ ಸಣ್ಣ ಜ್ವಾಲೆಯನ್ನು ಹಾಯಿಸಿ ಆಮೇಲೆ ಅದರ ಮೇಲೆ ಉಸಿರು ಬಿಟ್ಟರೆ, ಜ್ವಾಲೆ ಹಾದ ದಾರಿಯಲ್ಲಿ ತೇವವು ಹನಿಯಾಗದೆ ಪದರವಾಗಿ ಕೂರುವುದನ್ನು ಅವರು ಗಮನಿಸಿದ್ದರು. ನಾವು ಗಾಜಿಗೆ ಜ್ವಾಲೆ ಹಿಡಿಯಬೇಕಾಗಿಲ್ಲ. ಗಾಜು ಒರೆಸುವ ದ್ರಾವಣ ಮತ್ತು ಚೊಕ್ಕವಾದ ಮೈಕ್ರೋಫೈಬರ್ ಬಟ್ಟೆ ಸಾಕು. ಒಂದು ಬಟ್ಟೆಯಲ್ಲಿ ಒರೆಸಿ ಇನ್ನೊಂದು ಒಣಬಟ್ಟೆಯಲ್ಲಿ ತಿಕ್ಕಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು.

ಅಂಗೈಯಿಂದ ಒರೆಸುವುದನ್ನು ನಾನು ಬೇಡವೆನ್ನುವುದೂ ಇದೇ ಕಾರಣಕ್ಕೆ. ಆ ಕ್ಷಣಕ್ಕೆ ರಸ್ತೆ ಕಾಣುತ್ತದೆ, ಆದರೆ ಕೈಯ ಜಿಡ್ಡು ಗಾಜಿಗೆ ಹತ್ತಿ ಮುಂದಿನ ಸಲ ಅಲ್ಲಿಯೇ ಮೊದಲು ಮಂಜು ಕೂರುತ್ತದೆ, ರಾತ್ರಿ ಎದುರಿನ ಹೆಡ್‌ಲೈಟು ಬಿದ್ದಾಗ ಕೈಯ ಗೆರೆಗಳೆಲ್ಲ ಹೊಳೆಯುತ್ತವೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮವು ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇಕಡಾ 70ರಷ್ಟು ಬೆಳಕನ್ನು ಹಾಯಗೊಡಬೇಕೆಂದು ಹೇಳುತ್ತದೆ. ಕಪ್ಪು ಫಿಲಂ ಅಂಟಿಸಿದವರಿಗೆ ದಂಡ ಹಾಕುವುದು ಇದರ ಮೇಲೆಯೇ. ಮಂಜು ಕಟ್ಟಿದ ಗಾಜು ಬೆಳಕನ್ನು ಬೇಕಾದಷ್ಟು ಒಳಗೆ ಬಿಡುತ್ತದೆ, ಆಕಾರವನ್ನು ಮಾತ್ರ ಬಿಡುವುದಿಲ್ಲ. ಎದುರಿಗೆ ಬೆಳಕಿದೆ ಎಂದು ಗೊತ್ತಾಗುತ್ತದೆ, ಅದು ಬೈಕೋ ಲಾರಿಯೋ ಎಂದು ಗೊತ್ತಾಗುವುದಿಲ್ಲ.

ಮನೆಮದ್ದುಗಳ ಬಗ್ಗೆಯೂ ಕೇಳುತ್ತೀರೆಂದು ಗೊತ್ತಿದೆ. ಹಳೆಯ ಕಾಲದ ಚಾಲಕರು ವೈಪರ್ ಕೆಟ್ಟಾಗ ಮುಂಗಾಜಿನ ಹೊರಗೆ ಹೊಗೆಸೊಪ್ಪನ್ನೋ ಹೆಚ್ಚಿದ ಆಲೂಗಡ್ಡೆಯನ್ನೋ ಉಜ್ಜುತ್ತಿದ್ದರು. ಮಳೆಹನಿ ಬಿಡಿಬಿಡಿಯಾಗಿ ನಿಲ್ಲದೆ ಪದರವಾಗಿ ಹರಿದುಹೋಗಲೆಂಬುದು ಅದರ ಉದ್ದೇಶ. ಒಳಗಿನ ಮಂಜಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಒಳಬದಿಗೆ ಒಂದು ತೊಟ್ಟು ಶಾಂಪೂವನ್ನೋ ಶೇವಿಂಗ್ ಕ್ರೀಮನ್ನೋ ಹಚ್ಚಿ, ಗುರುತು ಕಾಣದಂತೆ ಒಣಬಟ್ಟೆಯಲ್ಲಿ ತಿಕ್ಕಿದರೆ ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಹನಿಗಟ್ಟುವುದನ್ನು ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿಫಾಗ್ ದ್ರವಗಳ ಕೆಲಸವೂ ಹೆಚ್ಚುಕಡಿಮೆ ಇದೇ ಬಗೆಯದ್ದು. ಆದರೆ ಕೆಲವೇ ದಿನಗಳಲ್ಲಿ ಅದರ ಗುಣ ಹೋಗುತ್ತದೆ, ಸರಿಯಾಗಿ ತಿಕ್ಕದಿದ್ದರೆ ರಾತ್ರಿ ಗೀರುಗಳು ಕಣ್ಣು ಕುಕ್ಕುತ್ತವೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಗಾಜಿನ ಹತ್ತಿರಕ್ಕೂ ತರಬೇಡಿ. ಸಿಲಿಕಾ ಜೆಲ್ ಚೀಲಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಇಡುವವರಿದ್ದಾರೆ. ಅದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರನ್ನು ಹೀರಬಲ್ಲದು ಎಂದುಕೊಂಡರೂ, ನೂರು ಗ್ರಾಂ ಚೀಲವು ಐವರು ಹತ್ತು ನಿಮಿಷದೊಳಗೆ ಬಿಡುವ ಆವಿಗೇ ತುಂಬಿಹೋಗುತ್ತದೆ. ರಾತ್ರಿ ನಿಲ್ಲಿಸಿದ ಖಾಲಿ ಕಾರಿಗೆ ಅದು ಸರಿ, ಓಡುವ ಕಾರಿಗೆ ಸಾಲದು.

ಕೊನೆಯದಾಗಿ, ಏನು ಮಾಡಿದರೂ ಮಂಜು ಹೋಗದ ಕಾರುಗಳ ವಿಷಯ. ಇಲ್ಲಿ ಗುಂಡಿಗಳನ್ನು ಬಿಟ್ಟು ಗಾಡಿಯನ್ನೇ ನೋಡಬೇಕು. ಬ್ಲೋವರ್ ನಾಲ್ಕರಲ್ಲಿ ಸದ್ದು ಜೋರಾಗಿದ್ದು ಗಾಳಿ ಮಾತ್ರ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ; ಹೆಚ್ಚಿನ ಕಾರುಗಳಲ್ಲಿ ಅದು ಗ್ಲವ್ ಬಾಕ್ಸಿನ ಹಿಂದೆ ಇದ್ದು, ಮನೆಯಲ್ಲಿಯೇ ತೆಗೆದು ಬದಲಾಯಿಸಬಹುದು. ವೈಪರಿನ ಬುಡದಲ್ಲಿರುವ ಕಪ್ಪು ಜಾಲರಿಯ ಕೆಳಗೆ ನೀರು ಹರಿದುಹೋಗುವ ತೂತುಗಳಿವೆ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ಎಲೆ, ಹೂವು, ಕಡ್ಡಿ ಬಿದ್ದು ಅವು ಮುಚ್ಚಿದರೆ ಮಳೆನೀರು ಒಳಗಿಳಿದು ಕಾರ್ಪೆಟ್ಟು ನೆನೆಯುತ್ತದೆ. ಎಸಿಯ ನೀರಿನ ಕೊಳವೆ ಕಟ್ಟಿಕೊಂಡರೂ ಆ ನೀರು ಎಡಬದಿಯ ಸೀಟಿನ ಕಾಲಡಿಗೆ ಬಂದು ನಿಲ್ಲುತ್ತದೆ. ಎಸಿ ಓಡುತ್ತಿದ್ದೂ ನಿಂತ ಕಾರಿನ ಕೆಳಗೆ ಹನಿ ಬೀಳದಿದ್ದರೆ ಇದನ್ನು ಅನುಮಾನಿಸಿ. ಇವುಗಳೆಲ್ಲಕ್ಕಿಂತ ಬೇರೆಯಾದ ಇನ್ನೊಂದಿದೆ. ಹೀಟರ್ ಹಾಕಿದಷ್ಟೂ ಮಂಜು ಹೆಚ್ಚುತ್ತಿದ್ದರೆ, ಒರೆಸಿದಾಗ ಬಟ್ಟೆಗೆ ಜಿಡ್ಡು ಹತ್ತುತ್ತಿದ್ದರೆ, ಕಾರಿನೊಳಗೆ ಸಿಹಿಯಾದ ವಾಸನೆ ಬರುತ್ತಿದ್ದರೆ, ಅದು ಮಳೆಯ ನೀರೂ ಅಲ್ಲ, ನಿಮ್ಮ ಉಸಿರೂ ಅಲ್ಲ. ಹೀಟರಿನೊಳಗಿನಿಂದ ಕೂಲಂಟ್ ಸೋರಿ ಆವಿಯಾಗಿ ಗಾಜಿಗೆ ಬಡಿಯುತ್ತಿದೆ. ಆಗ ಹೀಟರನ್ನು ಆರಿಸಿ ಕಿಟಕಿ ತೆರೆದುಕೊಳ್ಳಿ, ಎಂಜಿನ್ನಿನ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದ ಗ್ಯಾರೇಜಿಗೆ ಹೋಗಿ, ಕೂಲಂಟಿನ ಡಬ್ಬದಲ್ಲಿ ಮಟ್ಟ ಎಷ್ಟಿದೆ ಎಂದು ಎಂಜಿನ್ ತಣ್ಣಗಾದ ಮೇಲೆ ನೋಡಿಸಿ. ಆ ಕಾರನ್ನು ರಿಪೇರಿಯಾಗುವವರೆಗೆ ಘಾಟಿಗೆ ಒಯ್ಯಬೇಡಿ.